ಇಲ್ಲದ ಹಣ್ಣನ್ನು ಬೆಳೆಯುವ ಕ್ರಮ: ಕಥಾಲೋಕಕ್ಕೊಂದು ಗಿಡ, ಆ ಗಿಡಕ್ಕೊಂದು ಸೀಮೆ

ಕಲ್ಪಿತ ನಾಡಿನ ಕಥೆ ಬರೆಯುವವರು ರಾಜವಂಶಕ್ಕೆ ಹತ್ತು ಪುಟ ಕೊಡುತ್ತಾರೆ, ಯುದ್ಧಕ್ಕೆ ಇಪ್ಪತ್ತು ಪುಟ ಕೊಡುತ್ತಾರೆ. ಊಟದ ಹೊತ್ತಿಗೆ ಮಾತ್ರ ಎಲ್ಲ ಪಾತ್ರಗಳೂ ‘ಒಂದು ಬಗೆಯ ಸಿಹಿಯಾದ ನೀಲಿ ಹಣ್ಣು’ ತಿಂದು ಎದ್ದು ಹೋಗುತ್ತವೆ. ಆ ಹಣ್ಣು ಯಾವ ಮಣ್ಣಿನದು, ಯಾರು ಕಿತ್ತು ತಂದರು, ಇವತ್ತು ಸಿಕ್ಕಿದ್ದು ಮುಂದಿನ ತಿಂಗಳೂ ಸಿಗುತ್ತದೆಯೇ ಎಂದು ಕೇಳಿದರೆ ಉತ್ತರವಿಲ್ಲ. ಓದುಗ ಅದನ್ನು ನಂಬುವುದಿಲ್ಲ. ಹಣ್ಣನ್ನು ನಂಬದವನು ಅದನ್ನು ತಿನ್ನುವ ಜನರನ್ನೂ ಪೂರ್ತಿ ನಂಬುವುದಿಲ್ಲ.

ಇಲ್ಲದ ಹಣ್ಣೊಂದನ್ನು ಬೇರಿನಿಂದ ಹಬ್ಬದವರೆಗೆ ಹೇಗೆ ಕಟ್ಟಬೇಕು ಎಂಬುದನ್ನು ಇಲ್ಲಿ ಹೆಜ್ಜೆಹೆಜ್ಜೆಯಾಗಿ ಹೇಳುತ್ತೇನೆ. ನನ್ನ ಪಟ್ಟು ಒಂದೇ: ರುಚಿ, ಬಣ್ಣ, ಆಕಾರಗಳಿಂದ ಆರಂಭಿಸಬೇಡಿ. ಆ ಹಣ್ಣು ಜನರಿಗೆ ಕೊಡುವ ತೊಂದರೆಯಿಂದ ಆರಂಭಿಸಿ. ಮುಳ್ಳು, ಒಗರು, ಬೇಗ ಕೊಳೆಯುವ ಗುಣ, ಸಿಗುವ ಕಾಲದ ಮೊಟಕುತನ, ಇವುಗಳ ಸುತ್ತಲೇ ಪದ್ಧತಿ, ಜಗಳ, ಗಾದೆ, ದೇವರು ಎಲ್ಲ ಹುಟ್ಟಿಕೊಳ್ಳುತ್ತವೆ. ಸುಲಭವಾಗಿ ಸಿಕ್ಕಿ ಸುಲಭವಾಗಿ ಹೊಟ್ಟೆ ಸೇರುವ ಹಣ್ಣಿನ ಬಗ್ಗೆ ಯಾವ ಜನಾಂಗವೂ ಹೆಚ್ಚು ಮಾತಾಡುವುದಿಲ್ಲ.

ಕಲಿಯಲು ಚಿತ್ರದುರ್ಗದ ನೆಲಕ್ಕಿಂತ ಒಳ್ಳೆಯ ಪಾಠಶಾಲೆ ನನಗೆ ಕಂಡಿಲ್ಲ. ಕಲ್ಲು, ಕುರುಚಲು, ಕಡಿಮೆ ಮಳೆ. ಆದರೂ ಸೀತಾಫಲ, ಬಾರೆ, ಕಾರೆ, ಕವಳೆ, ತೂಪ್ರ, ಹುಣಸೆ, ಪಾಪಾಸುಕಳ್ಳಿ, ಈಚಲು ಎಂದು ಸಾಲು ಹಣ್ಣುಗಳು. ಪ್ರತಿಯೊಂದೂ ಈ ಬರದ ನೆಲದೊಡನೆ ತನ್ನದೇ ಆದ ಒಪ್ಪಂದ ಮಾಡಿಕೊಂಡಿದೆ. ಇವುಗಳನ್ನು ನೋಡುತ್ತ, ಜೊತೆಜೊತೆಗೇ ಒಂದು ಕಲ್ಪಿತ ಗಿಡವನ್ನೂ ಕಟ್ಟೋಣ. ಅದರ ಹೆಸರು ದೊಣೆಗಾರೆ. ಅದು ಬೆಳೆಯುವ ಕಲ್ಪಿತ ನಾಡಿನ ಹೆಸರು ಬಂಡೆಸೀಮೆ.

ಮೊದಲ ಹೆಜ್ಜೆ: ನೆಲ, ನೀರು, ಗಾಳಿ, ಬಾಯಿ

ಒಂದು ಹಾಳೆ ತೆಗೆದುಕೊಂಡು ನಾಲ್ಕು ಪ್ರಶ್ನೆ ಬರೆದುಕೊಳ್ಳಿ. ನೀರು ಎಲ್ಲಿ ನಿಲ್ಲುತ್ತದೆ? ಮಳೆ ಯಾವ ತಿಂಗಳು ಬರುತ್ತದೆ? ಗಾಳಿ ಯಾವಾಗ ಜೋರು? ಗಿಡವನ್ನು ಮೇಯುವ ಬಾಯಿ ಯಾವುದು? ಇವಕ್ಕೆ ಉತ್ತರ ಸಿಗುವವರೆಗೆ ಹಣ್ಣಿನ ಬಣ್ಣ ಯೋಚಿಸುವುದು ಬೇಡ.

ನಮ್ಮ ಜಿಲ್ಲೆಯನ್ನೇ ತೆಗೆದುಕೊಳ್ಳಿ. ಮುಂಗಾರಿನ ಮೋಡ ಪಶ್ಚಿಮಘಟ್ಟದಲ್ಲೇ ಬಹುಪಾಲು ಸುರಿದುಬಿಡುತ್ತದೆ. ಜೂನ್‌ನಿಂದ ಆಗಸ್ಟ್‌ವರೆಗೆ ಇಲ್ಲಿಗೆ ಮಳೆಗಿಂತ ಹೆಚ್ಚಾಗಿ ಗಾಳಿ ಬರುತ್ತದೆ; ಗುಡ್ಡಸಾಲಿನ ಗಾಳಿಯಂತ್ರಗಳು ಹೊತ್ತುಗೊತ್ತಿಲ್ಲದೆ ತಿರುಗುವ ಕಾಲ ಅದು. ಚಳ್ಳಕೆರೆ, ಮೊಳಕಾಲ್ಮೂರು ಕಡೆ ಮಳೆಯ ಮುಖ್ಯ ಪಾಲು ಬೀಳುವುದು ಸೆಪ್ಟೆಂಬರ್, ಅಕ್ಟೋಬರಿನಲ್ಲಿ. ಇಷ್ಟು ಗೊತ್ತಾದ ಕೂಡಲೇ ಗಿಡದ ಮೇಲೆ ಎರಡು ಷರತ್ತು ಬಿದ್ದಂತಾಯಿತು: ಹೂವು ಗಾಳಿಗೆ ಉದುರದಂತೆ ಬಿಡಬೇಕು, ವರ್ಷದ ಬಹುಕಾಲ ನೀರಿಲ್ಲದೆ ಇರಬೇಕು.

ಬಾಯಿಯ ಪ್ರಶ್ನೆ ಇನ್ನೂ ಮುಖ್ಯ. ಕುರಿ, ಮೇಕೆ ಮೇಯುವ ನಾಡಿನಲ್ಲಿ ಗಿಡವೊಂದು ಉಳಿದಿದೆ ಎಂದರೆ ಅದಕ್ಕೆ ಕಾರಣವಿರಬೇಕು. ಸೀತಾಫಲದ ಎಲೆಯನ್ನು ಮೇಕೆ ಮುಟ್ಟುವುದಿಲ್ಲ. ಅದರ ವಾಸನೆಯೇ ಅದರ ಬೇಲಿ. ಅಮೆರಿಕ ಖಂಡದ ಬಿಸಿಲುಸೀಮೆಯ ಕಡೆಯಿಂದ ಪೋರ್ಚುಗೀಸರ ಕಾಲದಲ್ಲಿ ಬಂದ ಗಿಡ ಇಲ್ಲಿನ ಕಲ್ಲುಗುಡ್ಡಗಳಲ್ಲಿ ತಾನೇ ತಾನಾಗಿ ಹಬ್ಬಿದ್ದಕ್ಕೆ ಈ ಗುಣ ದೊಡ್ಡ ಆಸರೆ. ಬಾರೆ ಮತ್ತು ಕಾರೆ ಹಿಡಿದಿದ್ದು ಮುಳ್ಳಿನ ದಾರಿ. ಪಾಪಾಸುಕಳ್ಳಿ ಎಲೆಯನ್ನೇ ಬಿಟ್ಟುಕೊಟ್ಟು ಕಾಂಡದಲ್ಲಿ ನೀರು ತುಂಬಿಕೊಂಡಿತು.

ದೊಣೆಗಾರೆಗೆ ನಾನು ಕೊಟ್ಟ ಜಾಗ ಬಂಡೆಗಳ ನಡುವಿನ ಸೀಳು. ಬೆಟ್ಟದ ಮೇಲಿನ ದೊಣೆಯಲ್ಲಿ, ಅಂದರೆ ಬಂಡೆಯ ತಗ್ಗಿನಲ್ಲಿ ಮಳೆನೀರು ನಿಂತು, ಕೆಳಗಿನ ಸೀಳಿಗೆ ತಿಂಗಳುಗಟ್ಟಲೆ ಜಿನುಗುತ್ತದೆ. ದುರ್ಗದ ಕೋಟೆ ಹತ್ತಿದವರಿಗೆ ಇಂಥ ದೊಣೆಗಳು ಹೊಸದಲ್ಲ. ಗಿಡದ ಬೇರು ಆ ಸೀಳಿನಲ್ಲಿ ಇಳಿದು, ಬುಡದಲ್ಲಿ ಗೆಡ್ಡೆಯಾಗಿ ಊದಿಕೊಂಡಿದೆ. ಎಲೆ ಚಳಿಗಾಲದಲ್ಲೇ ಉದುರುತ್ತದೆ. ಮುಳ್ಳು ಜೋಡಿಜೋಡಿಯಾಗಿದೆ. ಹೀಗಾಗಿ ಗಿಡ ತೋಪಾಗಿ ಎಲ್ಲೂ ಬೆಳೆಯದು, ಇಲ್ಲೊಂದು, ಅಲ್ಲೆರಡು. ಹಣ್ಣು ಬೇಕಾದವರು ಬೆಟ್ಟ ಹತ್ತಲೇಬೇಕು. ಜನರ ಬದುಕಿನ ಮೊದಲ ಗೆರೆ ಇಲ್ಲೇ ಬಿತ್ತು.

ಎರಡನೆಯ ಹೆಜ್ಜೆ: ಹೂವಿಗೆ ಬರುವವರು, ಬೀಜ ಒಯ್ಯುವವರು

ಬೆಳಗಿನ ಹೊತ್ತು ಸೀತಾಫಲದ ಹೂವೊಂದನ್ನು ಕೈಯಲ್ಲಿ ಹಿಡಿದು ನೋಡಿ. ಹಸಿರು ಬೆರೆತ ಹಳದಿ, ದಪ್ಪನೆಯ ಮೂರು ಎಸಳು, ತಲೆ ಕೆಳಗಾಗಿ ನೇತಾಡುತ್ತದೆ. ಹೂವೆಂದು ಹೇಳದಿದ್ದರೆ ಎಳೆಗಾಯಿ ಎಂದುಕೊಳ್ಳಬಹುದು. ಎಸಳು ಬಿಡಿಸಿದರೆ ಒಳಗೆ ನುಗ್ಗಿ ಕುಳಿತ ಪುಟ್ಟ ದುಂಬಿಗಳು ಸಿಗಬಹುದು. ಆ ಹೂವು ಮೊದಲು ಹೆಣ್ಣಾಗಿರುತ್ತದೆ, ಆಮೇಲೆ ಗಂಡಾಗುತ್ತದೆ. ಹೆಣ್ಣಾಗಿದ್ದ ಹೊತ್ತಿನಲ್ಲಿ ಬೇರೆ ಹೂವಿನ ಪರಾಗ ಹೊತ್ತ ದುಂಬಿ ಬಂದರೆ ಹಣ್ಣು, ಇಲ್ಲದಿದ್ದರೆ ಇಲ್ಲ. ಗಾಳಿ ಒಣಗಿದ್ದರೆ ಆ ಹೊತ್ತೂ ಬೇಗ ಮುಗಿಯುತ್ತದೆ. ಮರದ ತುಂಬ ಹೂವಿದ್ದೂ ಕಾಯಿ ಬೆರಳೆಣಿಕೆಯಷ್ಟೇ ನಿಲ್ಲುವುದು ಇದರಿಂದಲೇ.

ಕಥೆಗಾರನಿಗೆ ಇದು ಬಂಗಾರದಂಥ ವಿಷಯ. ಗಿಡಕ್ಕೆ ಒಬ್ಬ ಜೊತೆಗಾರನನ್ನು ಕೊಟ್ಟರೆ, ಆ ಜೊತೆಗಾರನಿಗೆ ಏನಾದರೂ ಆದಾಗ ಊರಿಗೇ ಏನೋ ಆಗುತ್ತದೆ. ದೊಣೆಗಾರೆಗೆ ನಾನು ಹೆಜ್ಜೇನನ್ನು ಕೊಟ್ಟೆ, ಏಕೆಂದರೆ ಹೆಜ್ಜೇನು ಎತ್ತರದ ಬಂಡೆಯ ಅಂಚಿಗೇ ಗೂಡು ಕಟ್ಟುತ್ತದೆ. ಹಾಗಾಗಿ ಬಂಡೆಸೀಮೆಯಲ್ಲಿ ಫಾಲ್ಗುಣ ಮುಗಿಯುವವರೆಗೆ ಜೇನು ಕೀಳುವಂತಿಲ್ಲ. ಈ ಕಟ್ಟಳೆಯನ್ನು ಅವರು ದೇವರ ಹೆಸರಿನಲ್ಲಿ ಹೇಳುತ್ತಾರೆ. ಲೇಖಕನಿಗೆ ಮಾತ್ರ ಅದರ ಕೆಳಗಿನ ಲೆಕ್ಕ ಗೊತ್ತಿರಬೇಕು.

ಇನ್ನೊಂದು ಸಂಗತಿಯನ್ನು ತೂಪ್ರದಿಂದ ಎರವಲು ಪಡೆದೆ. ಬೀಡಿಗೆ ಎಲೆ ಕೊಡುವ ಈ ಮರದಲ್ಲಿ ಗಂಡುಮರ ಬೇರೆ, ಹೆಣ್ಣುಮರ ಬೇರೆ. ಪಪ್ಪಾಯಿ ಬೆಳೆದವರಿಗೂ ಈ ಪಾಡು ಗೊತ್ತು. ದೊಣೆಗಾರೆಯಲ್ಲಿಯೂ ಹಾಗೆಯೇ ಇಟ್ಟೆ. ಗಂಡುಗಿಡ ಕಾಯಿ ಬಿಡುವುದಿಲ್ಲ. ಹೊರಗಿನಿಂದ ಬಂದವನ ಕಣ್ಣಿಗೆ ಅದು ದಂಡದ ಗಿಡ. ಅವನು ಸೌದೆಗೆಂದು ಕಡಿಯುತ್ತಾನೆ. ಎರಡು ವರ್ಷದಲ್ಲಿ ಬೆಟ್ಟದ ಆ ಮಗ್ಗುಲಲ್ಲಿ ಹಣ್ಣೇ ನಿಂತುಹೋಗುತ್ತದೆ. ಒಂದು ಕಾದಂಬರಿಗೆ ಬೇಕಾದ ಜಗಳ ಇಷ್ಟರಲ್ಲೇ ಇದೆ, ಮತ್ತು ಅದನ್ನು ಖಳನಾಯಕನೊಬ್ಬ ಹುಟ್ಟುಹಾಕಬೇಕಾಗಿಯೂ ಇಲ್ಲ.

ಬೀಜ ಒಯ್ಯುವವರು ಯಾರು ಎಂಬುದನ್ನು ಬೇಗ ತೀರ್ಮಾನಿಸಬಹುದು. ನಮ್ಮ ಕಡೆಯ ಗುಡ್ಡಗಳಲ್ಲಿ ಕರಡಿ ಇದೆ. ಬಾರೆ, ಕಕ್ಕೆ ಎಲ್ಲ ತಿಂದು ಬೀಜವನ್ನು ದೂರ ದೂರ ಹಾಕುತ್ತದೆ. ದೊಣೆಗಾರೆಯ ಬೀಜವೂ ಕರಡಿಯ ಹೊಟ್ಟೆ ಹೊಕ್ಕು ಬಂದರಷ್ಟೇ ಮೊಳೆಯುತ್ತದೆ. ಹೀಗಾಗಿ ಬಂಡೆಸೀಮೆಯವರು ಹಿತ್ತಿಲಲ್ಲಿ ಬೀಜ ಬಿತ್ತಿ ಸೋತಿದ್ದಾರೆ, ಕರಡಿಯನ್ನು ಕೊಲ್ಲುವುದಿಲ್ಲ, ಹಣ್ಣು ಕೀಳುವಾಗ ಗಿಡಕ್ಕೆ ಒಂದು ಪಾಲು ಬಿಡುತ್ತಾರೆ. ಮೂರು ಪದ್ಧತಿ ಒಂದೇ ಗುಣದಿಂದ ಬಂದವು. ನಿಮ್ಮ ಗಿಡದ ಒಂದು ಗುಣದಿಂದ ಕನಿಷ್ಠ ಎರಡು ಪದ್ಧತಿ ಹುಟ್ಟದಿದ್ದರೆ ಆ ಗುಣ ಅಲಂಕಾರಕ್ಕಿದೆ ಎಂದು ತಿಳಿದು ತೆಗೆದುಹಾಕಿ.

ಮೂರನೆಯ ಹೆಜ್ಜೆ: ಕಿತ್ತದ್ದಕ್ಕೂ ತಿಂದದ್ದಕ್ಕೂ ನಡುವಿನ ಕೆಲಸ

ಈ ಮಾರ್ಗದರ್ಶಿಯಲ್ಲಿ ಒಂದೇ ಭಾಗ ಓದುವ ಪುರುಸೊತ್ತಿದ್ದರೆ ಇದನ್ನು ಓದಿ. ಹಣ್ಣನ್ನು ಕೀಳುವ ಕೈಗೂ ತಿನ್ನುವ ಬಾಯಿಗೂ ನಡುವೆ ಎಷ್ಟು ಕೆಲಸವಿದೆಯೋ ಅಷ್ಟು ಸಂಸ್ಕೃತಿ ಇದೆ.

ಪಾಪಾಸುಕಳ್ಳಿಯ ಕೆಂಪು ಹಣ್ಣನ್ನು ಮಕ್ಕಳು ನೇರವಾಗಿ ಬಾಯಿಗಿಡುವುದಿಲ್ಲ. ಕಡ್ಡಿಯಿಂದ ತಿವಿದು ಕೀಳಬೇಕು, ನೆಲಕ್ಕೆ ಹಾಕಿ ಮಣ್ಣಿನಲ್ಲಿ ಹೊರಳಾಡಿಸಿ ಕಣ್ಣಿಗೆ ಕಾಣದಂಥ ಸಣ್ಣ ಮುಳ್ಳುಗಳನ್ನು ಉಜ್ಜಬೇಕು, ಸಿಪ್ಪೆ ಸೀಳಬೇಕು. ಇದನ್ನು ಕಲಿಸುವವರು ಅಮ್ಮ ಅಪ್ಪ ಅಲ್ಲ, ಒಂದೆರಡು ವರ್ಷ ದೊಡ್ಡವರಾದ ಅಕ್ಕ ಅಣ್ಣಂದಿರು. ನಾಲಿಗೆ ಕೆಂಪಾದರೆ ಮನೆಯಲ್ಲಿ ಗುಟ್ಟು ರಟ್ಟಾಗುತ್ತದೆ. ಹಣ್ಣೊಂದು ಮಕ್ಕಳದ್ದೇ ಆದ ಲೋಕವನ್ನು ಹೀಗೆ ಕಟ್ಟಿಕೊಡುತ್ತದೆ.

ಹುಣಸೆಯ ಕೆಲಸ ದೊಡ್ಡವರದು. ಬೇಸಿಗೆಯಲ್ಲಿ ಕಾಯಿ ಬಡಿದು, ಬಿಸಿಲಿಗೆ ಒಣಗಿಸಿ, ಓಡು ಒಡೆದು, ನಾರು ಎಳೆದು, ಕುಟ್ಟಿ ಬೀಜ ಬಿಡಿಸಿ, ಉಪ್ಪು ಸೇರಿಸಿ ಗಡಿಗೆಗೆ ತುಂಬಬೇಕು. ಒಬ್ಬರಿಂದ ಆಗುವ ಕೆಲಸವಲ್ಲ. ಪಡಸಾಲೆಯಲ್ಲಿ ನೆರೆಹೊರೆಯ ಹೆಂಗಸರು ಸುತ್ತ ಕೂರುತ್ತಾರೆ. ಕೈ ಹುಣಸೆಯ ಮೇಲೆ, ಮಾತು ಊರ ಮೇಲೆ. ನಿಮ್ಮ ಕಲ್ಪಿತ ನಾಡಿನಲ್ಲಿ ಗುಟ್ಟಿನ ಸುದ್ದಿ ಒಬ್ಬರಿಂದ ಒಬ್ಬರಿಗೆ ದಾಟಬೇಕಾದರೆ ಗೂಢಚಾರರನ್ನು ಹುಡುಕಬೇಡಿ, ಇಂಥದೊಂದು ಕೆಲಸ ಹುಡುಕಿ.

ದೊಣೆಗಾರೆಯ ಹಣ್ಣು ನಿಂಬೆಯ ಗಾತ್ರದ್ದು, ಕಂದು ಸಿಪ್ಪೆ ದಪ್ಪ. ಗಿಡದಿಂದ ಕಿತ್ತ ಹಾಗೇ ಕಚ್ಚಿದರೆ ಒಗರು ಗಂಟಲನ್ನೇ ಹಿಡಿದುಬಿಡುತ್ತದೆ. ಒಗರಿಗೆ ಕಾರಣ ಟ್ಯಾನಿನ್. ತೂಪ್ರದ ಕುಲಕ್ಕೇ ಸೇರಿದ ಪರ್ಸಿಮನ್ ಎಂಬ ಹಣ್ಣಿನ ಒಗರನ್ನು ಕಳೆಯಲು ಗಾಳಿಯಾಡದಂತೆ ಮುಚ್ಚಿಡುವ ಉಪಾಯವಿದೆ. ಉಸಿರು ಕಟ್ಟಿದ ಹಣ್ಣಿನೊಳಗೆ ಅಸಿಟಾಲ್ಡಿಹೈಡ್ ಎಂಬ ದ್ರವ್ಯ ಹುಟ್ಟಿ ಟ್ಯಾನಿನ್ನನ್ನು ಗಟ್ಟಿ ಕಟ್ಟಿಸುತ್ತದೆ. ಟ್ಯಾನಿನ್ ಹಣ್ಣಿನಲ್ಲೇ ಇರುತ್ತದೆ, ಆದರೆ ಕರಗದೆ ಇರುವುದರಿಂದ ನಾಲಿಗೆಗೆ ತಗಲುವುದಿಲ್ಲ. ಈ ನಿಜವನ್ನೇ ನಮ್ಮ ಗಿಡಕ್ಕೆ ಹೊಂದಿಸಿದೆ.

ಬಂಡೆಸೀಮೆಯ ಕ್ರಮ ಹೀಗೆ. ಹಣ್ಣನ್ನು ತೊಟ್ಟು ಸಮೇತ ಕೊಯ್ಯಬೇಕು. ತೊಟ್ಟು ಕಳಚಿದರೆ ಅಲ್ಲಿಂದ ಕೊಳೆ ಹತ್ತುತ್ತದೆ. ಹೊಸ ಮಡಕೆಯಲ್ಲಿ ಅರ್ಧಕ್ಕಿಂತ ಹೆಚ್ಚು ತುಂಬಿ, ಮುಚ್ಚಳ ಹಾಕಿ, ಅಂಚಿಗೆ ಕೆಮ್ಮಣ್ಣು ಮೆತ್ತಿ, ಒಲೆಯ ಹಿಂದಿನ ಬೆಚ್ಚಗಿನ ಗೂಡಿನಲ್ಲಿ ನಾಲ್ಕು ರಾತ್ರಿ ಇಡಬೇಕು. ಮೂರಕ್ಕೇ ತೆಗೆದರೆ ಒಗರು ಉಳಿಯುತ್ತದೆ. ಆರು ದಾಟಿದರೆ ಹುಳಿತು ಅಮಲೇರುತ್ತದೆ. ಮಣ್ಣು ಮೆತ್ತುವುದು ಮನೆಯ ಹಿರಿಯ ಹೆಂಗಸಿನ ಹಕ್ಕು. ಮಣ್ಣು ಬಿರಿದಿದೆಯೇ ಎಂದು ದಿನವೂ ಬೆರಳಾಡಿಸಿ ನೋಡುವುದು ಹೊಸದಾಗಿ ಬಂದ ಸೊಸೆಯ ಕೆಲಸ. ಮಡಕೆ ಒಡೆಯುವ ಮುಂಚೆ ಕಿವಿಗೊಟ್ಟು ಕೇಳುವವರೂ ಇದ್ದಾರೆ. ಒಳಗೆ ಸಣ್ಣಗೆ ಚಿಟಪಟ ಸದ್ದಾದರೆ ಹುಳಿಯತೊಡಗಿದೆ ಎಂದರ್ಥ.

ಇಷ್ಟು ಬರೆದಾಗ ನನಗೆ ಅತ್ತೆ ಸೊಸೆ ಸಿಕ್ಕರು, ಕುಂಬಾರ ಸಿಕ್ಕ, ಒಲೆಯಿಲ್ಲದ ಅಲೆಮಾರಿಗೆ ಈ ಹಣ್ಣು ಏಕೆ ದಕ್ಕುವುದಿಲ್ಲ ಎಂಬುದು ಸಿಕ್ಕಿತು, ಆರು ರಾತ್ರಿ ದಾಟಿಸಿ ಬೇಕೆಂದೇ ಅಮಲು ಮಾಡುವವರೂ ಸಿಕ್ಕರು. ಯಾವ ಪಾತ್ರವನ್ನೂ ನಾನು ಹುಡುಕಿಕೊಂಡು ಹೋಗಲಿಲ್ಲ.

ನಿಮ್ಮ ಹಣ್ಣಿಗೂ ಇಂಥದೊಂದು ಕ್ರಮ ಬರೆಯಿರಿ. ಬರೆದ ಮೇಲೆ ಪ್ರತಿ ಹಂತದಲ್ಲೂ ಮೂರು ಕೇಳಿ: ಇದನ್ನು ಯಾರು ಮಾಡುತ್ತಾರೆ, ತಪ್ಪಿದರೆ ಏನಾಗುತ್ತದೆ, ಇದಕ್ಕೆ ಯಾವ ಪಾತ್ರೆ ಪರಿಕರ ಬೇಕು. ತುರಿಕೆ, ಕಹಿ, ವಿಷ, ಅಂಟು, ಯಾವುದನ್ನಾದರೂ ಆರಿಸಬಹುದು. ಅಡುಗೆಮನೆಯಲ್ಲಿ ಅದಕ್ಕೊಂದು ಪರಿಹಾರ ಮಾತ್ರ ಇರಬೇಕು. ಸುವರ್ಣಗಡ್ಡೆಯ ತುರಿಕೆ ಹುಣಸೆಹುಳಿಯಲ್ಲಿ ಇಳಿಯುತ್ತದೆ ಎಂಬುದು ನಮ್ಮ ಮನೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಮಾತಲ್ಲವೇ?

ನಾಲ್ಕನೆಯ ಹೆಜ್ಜೆ: ಮಳೆಯ ಲೆಕ್ಕದಲ್ಲಿ ಹಣ್ಣಿನ ಕಾಲ

‘ವಸಂತದಲ್ಲಿ ಹೂವು, ಶರತ್ಕಾಲದಲ್ಲಿ ಹಣ್ಣು’ ಎಂದು ಬರೆದರೆ ಅದು ಯಾರದೋ ನಾಡಿನ ಲೆಕ್ಕ. ನಮ್ಮ ರೈತರ ಲೆಕ್ಕ ಮಳೆನಕ್ಷತ್ರದ್ದು: ಭರಣಿ, ಕೃತ್ತಿಕೆ, ರೋಹಿಣಿ, ಮೃಗಶಿರ, ಆರಿದ್ರಾ. ಕಲ್ಪಿತ ನಾಡಿಗೂ ಅಲ್ಲಿನ ಜನ ತಾವೇ ಹೆಸರಿಟ್ಟ ಮಳೆಗಳಿರಲಿ.

ಹಣ್ಣಿನ ಕಾಲವನ್ನು ಮನುಷ್ಯರೂ ತಿರುಗಿಸಬಲ್ಲರು. ಚಿತ್ರದುರ್ಗ ಜಿಲ್ಲೆಯಲ್ಲಿ ದಾಳಿಂಬೆ ಬೆಳೆಯುವವರು ಗಿಡಕ್ಕೆ ಕೆಲವು ವಾರ ನೀರು ನಿಲ್ಲಿಸಿ, ಎಲೆ ಉದುರಿಸಿ, ಸವರಿ, ಮತ್ತೆ ನೀರು ಕೊಟ್ಟು ಹೂವು ಬರಿಸುತ್ತಾರೆ. ಹೀಗೆ ಬರಿಸಿದ ಹೂವಿನ ಸರದಿಗೆ ಬಹಾರ ಎನ್ನುತ್ತಾರೆ: ಜೂನ್ ಜುಲೈಯದು ಮೃಗ ಬಹಾರ, ಸೆಪ್ಟೆಂಬರ್ ಅಕ್ಟೋಬರಿನದು ಹಸ್ತ ಬಹಾರ, ಜನವರಿ ಫೆಬ್ರವರಿಯದು ಅಂಬೆ ಬಹಾರ. ಮಾರುಕಟ್ಟೆಯ ಧಾರಣೆ, ಬಾವಿಯ ನೀರು, ರೋಗದ ಭಯ ಮೂರನ್ನೂ ತೂಗಿ ಯಾವ ಬಹಾರ ಎಂದು ತೀರ್ಮಾನಿಸುತ್ತಾರೆ. ಗಿಡಕ್ಕೆ ಬಾಯಾರಿಸಿ ಹೂ ಬಿಡಿಸುವ ಈ ಜಾಣತನವನ್ನು ನಿಮ್ಮ ಕಥೆಯ ಅರಸನ ತೋಟಗಾರನಿಗೆ ಕೊಟ್ಟು ನೋಡಿ.

ದೊಣೆಗಾರೆ ಹಣ್ಣಾಗುವುದು ವೈಶಾಖದಲ್ಲಿ, ಕಣಜ ತಳ ಕಂಡ ಹೊತ್ತಿನಲ್ಲಿ. ಅದೇ ಹೊತ್ತಿಗೆ ಭರಣಿ ಮಳೆಯೂ ಬರಬಹುದು. ‘ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ’ ಎಂದು ರೈತರು ಹಾರೈಸುವ ಮಳೆ ಅದು. ಒಣಗಿದ್ದ ಗಿಡಕ್ಕೆ ಒಮ್ಮೆಲೇ ನೀರು ಸಿಕ್ಕರೆ ಹಣ್ಣು ಬಿರಿಯುತ್ತದೆ. ದಾಳಿಂಬೆಯವರನ್ನು ಕೇಳಿ, ಹೇಳುತ್ತಾರೆ. ಬಿರಿದ ದೊಣೆಗಾರೆ ಮಡಕೆಗೆ ಆಗದು. ಹೀಗಾಗಿ ಹೊಲವಿರುವವನು ಮಳೆಗಾಗಿ ಮುಗಿಲು ನೋಡುತ್ತಾನೆ, ಹೊಲವಿಲ್ಲದವನು ಇನ್ನೆಂಟು ದಿನ ಮಳೆ ಬಾರದಿರಲಿ ಎಂದು ಬೇಡಿಕೊಳ್ಳುತ್ತಾನೆ. ಒಂದೇ ಊರು, ಒಂದೇ ದೇವರು, ಎರಡು ಹರಕೆ. ಕಾಲವನ್ನು ಸರಿಯಾಗಿ ಆರಿಸಿದರೆ ಸಮಾಜದ ಬಿರುಕು ತಾನಾಗಿ ಕಾಣುತ್ತದೆ.

ಐದನೆಯ ಹೆಜ್ಜೆ: ಹಣ್ಣು ಯಾರದು

ಮರ ಒಬ್ಬರದು, ನೆಲ ಇನ್ನೊಬ್ಬರದು, ಫಸಲು ಮೂರನೆಯವರದು ಆಗುವುದುಂಟು. ರಸ್ತೆಬದಿಯ, ಗೋಮಾಳದ ಹುಣಸೆಮರಗಳ ಫಸಲನ್ನು ವರ್ಷ ವರ್ಷ ಹರಾಜು ಹಾಕುವುದನ್ನು ನೀವು ನೋಡಿರುತ್ತೀರಿ. ಹರಾಜು ಹಿಡಿದವನಿಗೆ ಆ ವರ್ಷದ ಕಾಯಿಯ ಮೇಲೆ ಹಕ್ಕಿದೆ, ಮರದ ಮೇಲಿಲ್ಲ. ಬುಡದಲ್ಲಿ ಬಿದ್ದದ್ದನ್ನು ಮಕ್ಕಳು ಆಯ್ದುಕೊಂಡರೆ ಕಳವೇ? ಕೊಂಬೆ ಪಕ್ಕದ ಹೊಲಕ್ಕೆ ಬಾಗಿದ್ದರೆ? ಹಕ್ಕಿನ ಸೂಕ್ಷ್ಮ ಇಂಥ ಅಂಚುಗಳಲ್ಲಿರುತ್ತದೆ.

ಬಂಡೆಸೀಮೆಯಲ್ಲಿ ಗಿಡ ಯಾರ ಸ್ವತ್ತೂ ಅಲ್ಲ, ದೊಣೆ ಮಾತ್ರ ಸ್ವತ್ತು. ದೊಣೆಯ ಹೂಳು ಎತ್ತಿದ ಮನೆತನಕ್ಕೆ ಅದರ ಕೆಳಗಿನ ಸೀಳುಗಳಲ್ಲಿ ಮೊದಲ ಕೊಯ್ಲು. ಒಂದು ವರ್ಷ ಹೂಳೆತ್ತದಿದ್ದರೆ ಹಕ್ಕು ತಪ್ಪುತ್ತದೆ. ವಿಧವೆಯೊಬ್ಬಳು ಒಬ್ಬಳೇ ಹೂಳೆತ್ತಲು ಹೊರಟಳು ಎಂದು ಕಥೆಯ ಮೊದಲ ವಾಕ್ಯ ಬರೆದರೆ ಸಾಕು, ಮುಂದಿನದನ್ನು ಓದುಗನೇ ಕಾಯುತ್ತಾನೆ.

ಆರನೆಯ ಹೆಜ್ಜೆ: ತಿಂದು ಉಳಿದದ್ದು

ಬೀಜ, ಸಿಪ್ಪೆ, ತೊಗಟೆ, ಮುಳ್ಳು ಎಲ್ಲಿಗೆ ಹೋಗುತ್ತವೆ ಎಂದು ಕೇಳಿ. ಹುಣಸೆಯ ಬೀಜ ಎಲ್ಲಿಗೆ ಹೋಗುತ್ತದೆ? ಚಳ್ಳಕೆರೆ ಸೀಮೆ ಕಂಬಳಿಗೆ ಹೆಸರಾದದ್ದು. ಕುರಿಯ ಉಣ್ಣೆಯ ನೂಲು ಹಾಗೆಯೇ ಮಗ್ಗಕ್ಕೆ ಏರುವುದಿಲ್ಲ. ಹುಣಸೆಬೀಜವನ್ನು ಅರೆದು ಕಾಸಿದ ಗಂಜಿಯನ್ನು ಉದ್ದಕ್ಕೆ ಹಾಸಿದ ಎಳೆಗಳಿಗೆ ಬಳಿದು ಒಣಗಿಸಿದ ಮೇಲೆಯೇ ನೂಲಿಗೆ ಬಿರುಸು ಬರುತ್ತದೆ. ಸಾರಿನ ಹುಳಿಗೂ ಕುರಿಗಾಹಿಯ ಹೆಗಲ ಕಂಬಳಿಗೂ ಒಂದೇ ಮರ. ಯಾವ ಲೇಖಕನಾದರೂ ಇದನ್ನು ಕಲ್ಪಿಸಿದ್ದರೆ ನಾವು ಅವನ ಪ್ರತಿಭೆಗೆ ಕೈ ಮುಗಿಯುತ್ತಿದ್ದೆವು.

ಸೀತಾಫಲದ ಬೀಜದ ಪುಡಿ ಹೇನಿಗೆ ಮದ್ದು, ಕಣ್ಣಿಗೆ ಬಿದ್ದರೆ ಅಪಾಯ. ದಾಳಿಂಬೆಯ ಸಿಪ್ಪೆ ಬಣ್ಣ ಕಟ್ಟುತ್ತದೆ. ದೊಣೆಗಾರೆಯ ಸಿಪ್ಪೆಗೆ ನಾನು ತೊಗಲು ಹದಮಾಡುವ ಗುಣ ಕೊಟ್ಟೆ. ಟ್ಯಾನಿನ್ ಇರುವಲ್ಲಿ ಅದು ಸಹಜ, ನಮ್ಮಲ್ಲಿ ತಂಗಡಿಯ ತೊಗಟೆ ಇದೇ ಕೆಲಸಕ್ಕೆ ಬಳಕೆಯಲ್ಲಿತ್ತು. ಅಲ್ಲಿಗೆ ಬಂಡೆಸೀಮೆಗೆ ಚರ್ಮದ ಕಸುಬಿನವರು ಬಂದರು, ಅವರ ಕೇರಿ ಊರಿನ ಯಾವ ದಿಕ್ಕಿಗಿದೆ ಎಂಬ ಪ್ರಶ್ನೆಯೂ ಬಂತು. ಆ ಪ್ರಶ್ನೆಯಿಂದ ನುಣುಚಿಕೊಳ್ಳಬೇಡಿ. ಹಣ್ಣಿನ ತಿರುಳು ತಿನ್ನುವವರು ಸಿಪ್ಪೆ ಮುಟ್ಟುವವರನ್ನು ಹೇಗೆ ಕಾಣುತ್ತಾರೆ ಎಂದು ಬರೆಯದೆ ಬಿಟ್ಟರೆ ನಿಮ್ಮ ನಾಡು ಚಿತ್ರಪಟವಾಗಿಯಷ್ಟೇ ಉಳಿಯುತ್ತದೆ.

ಏಳನೆಯ ಹೆಜ್ಜೆ: ನಂಬಿಕೆ, ಹಬ್ಬ, ಮಾತು

ಬಹಳ ಮಂದಿ ಇಲ್ಲಿಂದ ಶುರುಮಾಡುತ್ತಾರೆ. ಅದಕ್ಕೇ ಅವರ ಹಬ್ಬಗಳು ನಾಟಕದ ಪರದೆಯಂತೆ ಕಾಣುತ್ತವೆ. ಮೊದಲ ಆರು ಹೆಜ್ಜೆ ಮುಗಿದಿದ್ದರೆ ಹಬ್ಬಕ್ಕೆ ಬೇಕಾದ ಸಾಮಗ್ರಿ ಆಗಲೇ ಕೈಯಲ್ಲಿರುತ್ತದೆ.

ಚಳ್ಳಕೆರೆ ತಾಲ್ಲೂಕಿನ ಪುರ್ಲಹಳ್ಳಿ ಬಳಿ ಕಾಡುಗೊಲ್ಲರು ನಡೆಸುವ ಕ್ಯಾತೇದೇವರ ಜಾತ್ರೆಯನ್ನು ನೆನೆಯಿರಿ. ಬಾರೆಯ ಮುಳ್ಳುಕಂಟಿಗಳನ್ನೇ ಒಟ್ಟಿ ಎತ್ತರದ ಗುಡಿ ಕಟ್ಟುತ್ತಾರೆ. ಬರಿಗಾಲಿನಲ್ಲಿ ಆ ಮುಳ್ಳಿನ ಗುಡಿ ಏರಿ ತುದಿಯ ಕಳಶ ಕೀಳುತ್ತಾರೆ. ಇತ್ತ ಸಂಕ್ರಾಂತಿಯಲ್ಲಿ ಅದೇ ಬಾರೆಯ ಹಣ್ಣನ್ನು ಎಳೆಯ ಮಕ್ಕಳ ತಲೆಯ ಮೇಲೆ ಎರೆದು ಆರತಿ ಮಾಡುವವರಿದ್ದಾರೆ. ಒಂದೇ ಗಿಡದ ಮುಳ್ಳು ಒಂದು ಕಡೆ ಭಕ್ತಿಯ ಪರೀಕ್ಷೆ, ಹಣ್ಣು ಇನ್ನೊಂದು ಕಡೆ ಹರಕೆ. ಬಾರೆಯ ಮುಳ್ಳು, ಹಣ್ಣು ಎರಡೂ ದಿನನಿತ್ಯದ ಬಾಳಿನಲ್ಲಿ ಅಷ್ಟು ಹತ್ತಿರವಿರುವುದರಿಂದ ಇದು ಸಾಧ್ಯವಾಯಿತು.

ಇಲ್ಲೊಂದು ಎಚ್ಚರಿಕೆಯನ್ನು ಒತ್ತಿ ಹೇಳುತ್ತೇನೆ. ಬದುಕಿರುವ ಸಮುದಾಯದ ಆಚರಣೆಯನ್ನು ಎತ್ತಿಕೊಂಡು ಹೆಸರು ಬದಲಿಸಿ ನಿಮ್ಮ ನಾಡಿಗೆ ಅಂಟಿಸಬೇಡಿ. ಅದು ಅವರ ನಂಬಿಕೆ, ನಿಮ್ಮ ಕಚ್ಚಾವಸ್ತುವಲ್ಲ. ಕಲಿಯಬೇಕಾದದ್ದು ಗಿಡಕ್ಕೂ ಆಚರಣೆಗೂ ಇರುವ ಸಂಬಂಧದ ಬಗೆಯನ್ನು ಮಾತ್ರ.

ಬಂಡೆಸೀಮೆಯ ಹಬ್ಬವನ್ನು ನಾನು ಮಡಕೆಯಿಂದ ಕಟ್ಟಿದೆ. ವರ್ಷದ ಮೊದಲ ಮಡಕೆಗಳನ್ನು ಊರೆಲ್ಲ ಒಂದೇ ಸಂಜೆ ಮುಚ್ಚುತ್ತಾರೆ. ನಾಲ್ಕು ರಾತ್ರಿ ಯಾರೂ ಜಗಳ ಆಡುವಂತಿಲ್ಲ, ಸಾಲ ಕೇಳುವಂತಿಲ್ಲ. ಬಾಯಿ ಬಿಟ್ಟರೆ ಮಡಕೆ ಬಿರಿಯುತ್ತದೆ ಎಂಬ ನಂಬಿಕೆ. ಐದನೆಯ ಬೆಳಗ್ಗೆ ಮಣ್ಣು ಒಡೆದು, ಮೊದಲ ಹಣ್ಣನ್ನು ಬೆಟ್ಟದ ತಪ್ಪಲಿನಲ್ಲಿ ಕರಡಿಗೆಂದು ಇಟ್ಟು ಬರುತ್ತಾರೆ. ತಡೆದಿಟ್ಟ ಜಗಳಗಳೆಲ್ಲ ಅಂದು ಮಧ್ಯಾಹ್ನ ಶುರುವಾಗುತ್ತವೆ.

ಮಾತಿಗೆ ಬಂದರೆ, ಹೆಸರನ್ನು ಜನ ಹೊಸದಾಗಿ ಕಡೆಯುವುದು ಅಪರೂಪ. ಗೊತ್ತಿರುವ ಗಿಡದ ಹಿಂದೆ ಒಂದು ಗುರುತು ಸೇರಿಸುತ್ತಾರೆ: ನೆಲನೆಲ್ಲಿ, ಸೀಮೆಹುಣಸೆ, ಆನೆನೆಗ್ಗಿಲು. ದೊಣೆಯ ಬಳಿ ಕಾರೆಯಂಥ ಜೋಡಿಮುಳ್ಳಿನ ಗಿಡ ಕಂಡವರು ದೊಣೆಗಾರೆ ಎಂದರು. ಒಳಗುಣ ತೂಪ್ರದ್ದಾದರೂ ಕಣ್ಣಿಗೆ ಬಿದ್ದದ್ದು ಮುಳ್ಳು. ಗಾದೆಗಳನ್ನು ಎರಡು ಮೂರಕ್ಕಿಂತ ಹೆಚ್ಚು ಮಾಡಬೇಡಿ. ನಮ್ಮ ‘ಹುಣಸೆಮರ ಮುಪ್ಪಾದರೆ ಹುಳಿ ಮುಪ್ಪೇ’ ಎಂಬಂತೆ ಗಿಡದ ನಿಜಗುಣದಿಂದಲೇ ಅದು ಹುಟ್ಟಬೇಕು. ಬಂಡೆಸೀಮೆಯಲ್ಲಿ ಅವಸರದವನಿಗೆ ‘ಮೂರು ರಾತ್ರಿಯ ಹಣ್ಣು’ ಎನ್ನುತ್ತಾರೆ, ಅಷ್ಟೇ.

ಎಂಟನೆಯ ಹೆಜ್ಜೆ: ನೀರು ಬಂದ ಮೇಲೆ

ಕಲ್ಪಿತ ನಾಡುಗಳಲ್ಲಿ ಸಾವಿರ ವರ್ಷ ಏನೂ ಬದಲಾಗುವುದಿಲ್ಲ. ನಮ್ಮ ನೆಲ ಹಾಗಿಲ್ಲ. ಪಾಪಾಸುಕಳ್ಳಿ ಬೇರೆ ಖಂಡದಿಂದ ಬಂದದ್ದು, ಹುಣಸೆಯ ಮೂಲ ಆಫ್ರಿಕಾ. ಇಂದು ಅಜ್ಜನ ಕಾಲದ್ದು ಎನಿಸುವ ಗಿಡವೂ ಒಂದು ಕಾಲದಲ್ಲಿ ಹೊಸಬನೇ.

ಚಿತ್ರದುರ್ಗದಿಂದ ದಾವಣಗೆರೆಯ ಕಡೆ ಬಸ್ಸಿನಲ್ಲಿ ಹೋಗಿ, ಅಲ್ಲಿಂದ ಹರಿಹರ, ಚನ್ನಗಿರಿ ಬದಿಗೆ ತಿರುಗಿ. ಭದ್ರಾ ನಾಲೆಯ ನೀರು ಸಿಕ್ಕಲ್ಲಿ ಭತ್ತ, ಅಡಿಕೆ. ಅದೇ ಜಿಲ್ಲೆಯ ಜಗಳೂರಿಗೆ ಹೋದರೆ ಮತ್ತೆ ಮಳೆ ನೋಡುವ ಹೊಲ. ನೀರು ಎಲ್ಲಿ ನಿಂತಿತೋ ಅಲ್ಲಿ ಊಟ, ಕೂಲಿ, ಮದುವೆಯ ಮಾತುಕತೆ ಸಹ ಬೇರೆಯಾಗುತ್ತವೆ. ಹಿರಿಯೂರಿನ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವೆ ಕೋಡಿಯನ್ನು ಕಾಣದೆಯೇ ಮುದುಕರಾದವರಿದ್ದಾರೆ. ಇಷ್ಟು ದೀರ್ಘವಾದ ಕಾಯುವಿಕೆ ನಿಮ್ಮ ಕಲ್ಪಿತ ನಾಡಿನ ನೆನಪಿನಲ್ಲೂ ಇರಲಿ.

ಈಗ ಬಂಡೆಸೀಮೆಗೆ ನಾಲೆ ತನ್ನಿ. ಕಾಳು ಹೆಚ್ಚಿತು, ವೈಶಾಖದ ಹಸಿವು ತಗ್ಗಿತು. ಯಾರು ಬೆಟ್ಟ ಹತ್ತುತ್ತಾರೆ? ದೊಣೆಗಳು ಹೂಳು ತುಂಬುತ್ತವೆ. ಪೇಟೆಯ ದಲ್ಲಾಳಿ ದೊಣೆಗಾರೆಗೆ ಹೆಚ್ಚು ಬೆಲೆ ಕೊಡುತ್ತೇನೆಂದು ಬರುವ ಹೊತ್ತಿಗೆ ಮಣ್ಣು ಮೆತ್ತುವುದು ಗೊತ್ತಿರುವ ಅಜ್ಜಿಯರು ಊರಿಗೆ ಇಬ್ಬರೋ ಮೂವರೋ. ಹಬ್ಬ ಉಳಿಯುತ್ತದೆ, ಮಡಕೆಯೊಳಗೆ ಸಂತೆಯ ಬಾಳೆಹಣ್ಣು ಬರುತ್ತದೆ. ನಿಮ್ಮ ಕಥೆ ಈ ಬದಲಾವಣೆಯ ಮುಂಚಿನದೋ, ನಡುವಿನದೋ, ಆಮೇಲಿನದೋ ಎಂದು ನಿರ್ಧರಿಸಿ. ನನ್ನ ಮನಸ್ಸು ಯಾವಾಗಲೂ ನಡುವಿನ ಕಾಲದ ಕಡೆಗೇ. ಆಗ ಒಂದೇ ಮನೆಯಲ್ಲಿ ಹಣ್ಣಿಗೆ ಎರಡು ಅರ್ಥವಿರುತ್ತದೆ.

ಒಂಬತ್ತನೆಯ ಹೆಜ್ಜೆ: ಕಥೆಗೆ ಇಳಿಸುವುದು

ಇಷ್ಟೆಲ್ಲ ಕಟ್ಟಿದ ಮೇಲೆ ಹೇಳಿಬಿಡುವ ಆಸೆ ಬರುತ್ತದೆ. ತಡೆಯಿರಿ. ಟಿಪ್ಪಣಿಯಲ್ಲಿ ಇಪ್ಪತ್ತು ಪುಟವಿದ್ದರೆ ಕಥೆಯಲ್ಲಿ ಒಂದು ಪುಟ ಸಾಕು. ಪಾತ್ರಗಳು ತಮಗೆ ಗೊತ್ತಿರುವುದನ್ನು ಒಬ್ಬರಿಗೊಬ್ಬರು ವಿವರಿಸುವುದಿಲ್ಲ. ಉದಾಹರಣೆಗೆ ಹೀಗೆ:

“ಮೂರನೆಯ ರಾತ್ರಿ ಗಂಗವ್ವ ಎದ್ದು ಒಲೆಯ ಹಿಂದೆ ಕೈಯಾಡಿಸಿದಳು. ಮಣ್ಣು ಒಂದೆಡೆ ಕೂದಲೆಳೆಯಷ್ಟು ಬಿರಿದಿತ್ತು. ‘ಅತ್ತೆಮ್ಮ’ ಎಂದು ಕರೆಯಲು ಬಾಯಿ ತೆರೆದವಳು ಸುಮ್ಮನಾಗಿ, ಬೆರಳಿಗೆ ಉಗುಳು ಹಚ್ಚಿ ಬಿರುಕನ್ನು ತೀಡಿದಳು. ಬೆಳಗ್ಗೆ ಅತ್ತೆ ಮಡಕೆ ನೋಡಿದಳು, ಸೊಸೆಯ ಬೆರಳು ನೋಡಿದಳು. ‘ಅನ್ನಕ್ಕೆ ಇಡು’ ಎಂದಳು.”

ಟ್ಯಾನಿನ್ ಇಲ್ಲ, ಕರಡಿ ಇಲ್ಲ, ಹಬ್ಬದ ವಿವರಣೆ ಇಲ್ಲ. ಆದರೂ ಈ ಮನೆಯಲ್ಲಿ ಮಡಕೆ ಎಷ್ಟು ದೊಡ್ಡದು ಎಂಬುದು ಓದುಗನಿಗೆ ತಿಳಿಯುತ್ತದೆ. ಹಣ್ಣಿನ ರುಚಿಯನ್ನು ಬರೆಯಬೇಕಾಗಿ ಬಂದರೆ ‘ಅಮೃತದಂತೆ’ ಎನ್ನಬೇಡಿ. ನಾಲಿಗೆಯ ಯಾವ ಭಾಗಕ್ಕೆ ಮೊದಲು ತಾಗಿತು, ಹಲ್ಲಿಗೆ ಏನು ಅಂಟಿತು, ಬೀಜವನ್ನು ಎಲ್ಲಿ ಉಗುಳಿದರು ಎಂದು ಬರೆಯಿರಿ.

ಕೊನೆಗೆ, ಬರೆದದ್ದನ್ನು ಸಾಹಿತ್ಯದ ಗೆಳೆಯರಿಗಿಂತ ಮುಂಚೆ ಹಣ್ಣು ಬೆಳೆಯುವವರಿಗೆ ಓದಿ ಹೇಳಿ. ದಾಳಿಂಬೆ ತೋಟದವರು, ಸೀತಾಫಲದ ಬುಟ್ಟಿ ಹೊತ್ತು ಸಂತೆಗೆ ಬರುವ ಅಜ್ಜಿ, ಕುರಿ ಕಾಯುವವರು, ಯಾರಾದರೂ ಸರಿ. ಹಿರಿಯೂರಿನ ಬಬ್ಬೂರು ಫಾರ್ಮಿನಲ್ಲಿ, ದಾವಣಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರಗಳಿವೆ. ಗಿಡದ ಬಗ್ಗೆ ನೇರ ಪ್ರಶ್ನೆ ಕೇಳಲು ಅಲ್ಲಿಗೂ ಹೋಗಬಹುದು. ‘ಚೆನ್ನಾಗಿದೆಯೇ’ ಎಂದು ಕೇಳಬೇಡಿ. ‘ಈ ಗಿಡ ನಿಮ್ಮ ಹೊಲದ ಬದುವಿನಲ್ಲಿದ್ದರೆ ಏನು ಮಾಡುತ್ತಿದ್ದಿರಿ’ ಎಂದು ಕೇಳಿ. ಅವರು ‘ಕಡಿದು ಹಾಕುತ್ತಿದ್ದೆ’ ಎಂದರೂ, ‘ಕಸಿ ಕಟ್ಟಿದರೆ ಆಗುವುದಿಲ್ಲವೇ’ ಎಂದರೂ, ‘ಮೊದಲು ಧಾರಣೆ ಎಷ್ಟು ಹೇಳಿ’ ಎಂದರೂ ಅದನ್ನು ಬರೆದುಕೊಂಡು ಬಂದು ಎರಡನೆಯ ಹೆಜ್ಜೆಯಿಂದ ಮತ್ತೆ ತಿದ್ದಿ.